ಒಂದೇ ಗೇರಿನ ಸೈಕಲ್ಲು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ನನಗೆ ಫೋನು ಮಾಡಿದವರು 'ಜೀವನದಲ್ಲಿ ಮುಂದೆ ಬರುವುದು ಹೇಗೆ ಅನ್ನೋದರ ಮೇಲೆ ಒಂದು ಹತ್ತು ನಿಮಿಷ ಮಾತಾಡಿ ಸಾರ್' ಎಂದಿದ್ದರು. ಆ ವಿಷಯ ನನಗೆ ಬರುವುದಿಲ್ಲ. ನಾನು ಬೆಂಗಳೂರಿನಲ್ಲಿ ಒಂದು ಕಾರ್ಖಾನೆಯ ಲೆಕ್ಕ ಬರೆಯುತ್ತೇನೆ. ಮಕ್ಕಳಿಗೆ ಹೇಳುವಂಥ ದೊಡ್ಡ ಕೆಲಸ ಏನೂ ಮಾಡಿಲ್ಲ. ಆದರೆ ಸೈಕಲ್ ವಿಷಯ ಸ್ವಲ್ಪ ಗೊತ್ತು. ಹೊರಗೆ ಹುಣಸೆ ಮರಕ್ಕೆ ಒರಗಿಸಿರುವ ಆ ಸೈಕಲ್ಲನ್ನು ನೋಡಿ ಬೆಳಿಗ್ಗೆಯಿಂದ ನಾಲ್ಕೈದು ಹುಡುಗರು 'ಸಾರ್, ಇದಕ್ಕೆ ಗೇರು ಯಾಕಿಲ್ಲ? ಕಾಸು ಸಾಲಲಿಲ್ವಾ?' ಎಂದು ಕೇಳಿದರು. ಅದಕ್ಕೆ ಉತ್ತರ ಹೇಳುತ್ತೇನೆ. ಉತ್ತರ ಸ್ವಲ್ಪ ಉದ್ದ ಇದೆ, ಸೈರಿಸಿಕೊಳ್ಳಬೇಕು.

ನಮ್ಮ ಹಳ್ಳಿ ಇಲ್ಲಿಂದ ಐದು ಕಿಲೋಮೀಟರ್. ಆ ಹಾದಿ ಗೊತ್ತಿರುವವರು ಈ ಸಭೆಯಲ್ಲಿ ತುಂಬಾ ಜನ ಇದ್ದೀರಿ. ಕೆರೆ ಏರಿ ದಾಟಿ, ಹಳ್ಳದ ಮರಳು ದಾಟಿ, ಆಮೇಲೆ ಎರಡು ಬಂಡೆಗಳ ನಡುವೆ ಹತ್ತುವ ಆ ದಿಣ್ಣೆ. ಈಗ ಡಾಂಬರು ಬಂದಿದೆ, ದಿಣ್ಣೆ ಮಾತ್ರ ಎಲ್ಲಿತ್ತೋ ಅಲ್ಲೇ ಇದೆ. ನಾನು 1986ರಲ್ಲಿ ಎಂಟನೇ ತರಗತಿಗೆ ಇಲ್ಲಿ ಸೇರಿದೆ. ಅಪ್ಪನ ಹತ್ತಿರ ಒಂದು ಕರಿ ಅಟ್ಲಾಸ್ ಸೈಕಲ್ ಇತ್ತು. ಅದರಲ್ಲಿ ಅವರು ಕಡಲೆಕಾಯಿ ಮೂಟೆ, ಹಾಲಿನ ಕ್ಯಾನು, ಒಮ್ಮೆ ಒಂದು ಕುರಿಯನ್ನೂ ಸಾಗಿಸಿದ್ದರು. ನಾನು ಹೈಸ್ಕೂಲಿಗೆ ಸೇರಿದ ದಿನ ಅಪ್ಪ ಆ ಸೈಕಲ್ಲನ್ನು ನನಗೆ ಕೊಟ್ಟು ತಾವು ನಡೆಯಲು ಶುರುಮಾಡಿದರು. ಸೀಟಿನ ಮೇಲೆ ಕುಳಿತರೆ ನನ್ನ ಕಾಲು ಪೆಡಲಿಗೆ ಎಟುಕುತ್ತಿರಲಿಲ್ಲ. ಮೊದಲ ವರ್ಷ ಪೂರ್ತಿ ಕಂಬಿಯ ಒಳಗೆ ಕಾಲು ತೂರಿಸಿ ಒಳಪೆಡಲು ಹೊಡೆದೇ ಬಂದೆ. ದಿಣ್ಣೆಯ ಬುಡಕ್ಕೆ ಬಂದ ಕೂಡಲೇ ಇಳಿದು ತಳ್ಳುವುದು. ನಾನೊಬ್ಬನೇ ಅಲ್ಲ, ಎಲ್ಲರೂ ತಳ್ಳುತ್ತಿದ್ದೆವು. ಸೈಕಲ್ ಅಂದರೆ ಏರಿನಲ್ಲಿ ತಳ್ಳುವ, ಇಳಿಜಾರಿನಲ್ಲಿ ಕೂರುವ ವಸ್ತು ಎಂದೇ ನಾವು ತಿಳಿದಿದ್ದೆವು.

ನನಗಿಂತ ಮೂರು ವರ್ಷ ದೊಡ್ಡವಳು ನನ್ನ ಅಕ್ಕ. ಏಳನೇ ತರಗತಿಯಲ್ಲಿ ಅವಳಿಗೆ ನನಗಿಂತ ಹೆಚ್ಚು ಅಂಕ ಬಂದಿತ್ತು. 1983ರಲ್ಲಿ ಅವಳು ಈ ಶಾಲೆಗೆ ಬರಬೇಕಿತ್ತು, ಬರಲಿಲ್ಲ. ಅಪ್ಪ ಹೇಳಿದ ಕಾರಣ ಇಷ್ಟೆ: ಹೆಣ್ಣುಮಗಳು ದಿನಾ ಹತ್ತು ಕಿಲೋಮೀಟರ್ ನಡೆಯೋದು ಬೇಡ, ಆ ಭಾರದ ಸೈಕಲ್ಲನ್ನು ದಿಣ್ಣೆ ಹತ್ತಿಸೋಕೆ ಅವಳ ಕೈಲಿ ಆಗಲ್ಲ. ಆಗ ಸೈಕಲ್ಲು ಅಪ್ಪನ ಕೆಲಸಕ್ಕೂ ಬೇಕಿತ್ತು. ಮೂರು ವರ್ಷದ ನಂತರ ಅದೇ ಸೈಕಲ್ಲು ಅಪ್ಪನ ಕೆಲಸಕ್ಕೆ ಬೇಡವಾಯಿತು. ಈ ಮಾತು ಈಗ ಇಲ್ಲಿಗೆ ಬಿಡುತ್ತೇನೆ, ಮತ್ತೆ ಬರುತ್ತೇನೆ.

ಬೆಂಗಳೂರಿಗೆ ಹೋದ ಮೇಲೆ ಬಹಳ ವರ್ಷ ಸೈಕಲ್ ಮುಟ್ಟಲಿಲ್ಲ. ನಲವತ್ತು ದಾಟಿದ ಮೇಲೆ ಹೊಟ್ಟೆ ಬಂತು, ವೈದ್ಯರು ಬೈದರು, ಗೇರಿನ ಸೈಕಲ್ ಕೊಂಡೆ. ಗುಡ್ಡಗಾಡಿಗೆ ಮಾಡಿದ ಸೈಕಲ್ಲು: ದಪ್ಪ ಟೈರು, ಮುಂದೆ ಕುಲುಕಾಟ ತಡೆಯುವ ಸ್ಪ್ರಿಂಗಿನ ಫೋರ್ಕು, ಮುಂದೆ ಮೂರು ಚಕ್ರ, ಹಿಂದೆ ಒಂಬತ್ತು, ಒಟ್ಟು 27 ಗೇರು. ಅಂಗಡಿಯಲ್ಲಿ '27' ಎಂದು ಕೇಳಿದಾಗಲೇ ನನಗೆ ಎದೆ ಉಬ್ಬಿತು. ಅಪ್ಪನ ಸೈಕಲ್ಲಿಗೆ ಒಂದು, ನನ್ನದಕ್ಕೆ 27! ಮುಂದೆ ಬರುವುದು ಅಂದರೆ ಇದೇ ಇರಬೇಕು ಎಂದುಕೊಂಡೆ. ಆರು ವರ್ಷ ಅದರಲ್ಲಿ ತಿರುಗಿದೆ. ದೇವನಹಳ್ಳಿ ಕಡೆಯಿಂದ ನಂದಿಬೆಟ್ಟ ಹತ್ತಿದೆ. ರಜೆಯಲ್ಲಿ ಕಾರಿಗೆ ಕಟ್ಟಿಕೊಂಡು ಊರಿಗೆ ತಂದು ಗುಡಿಬಂಡೆ ಕಡೆಯ ಗುಡ್ಡದ ಜಾಡುಗಳಲ್ಲೂ ಓಡಾಡಿದೆ. ದಿಣ್ಣೆ ಬಂದರೆ ಹೆಬ್ಬೆರಳಿನಲ್ಲಿ ಒಂದು ಗುಂಡಿ ಒತ್ತುವುದು, ಕಾಲು ಹಗುರವಾಗುತ್ತದೆ. ಇನ್ನೂ ಏರಾದರೆ ಇನ್ನೊಂದು ಸಲ ಒತ್ತುವುದು. ಬಹಳ ಸುಖ. ಈಗಲೂ ಸುಖವೇ, ಅದನ್ನು ಅಲ್ಲಗಳೆಯಲು ನಾನು ಇಲ್ಲಿ ನಿಂತಿಲ್ಲ.

ಎರಡು ವರ್ಷದ ಹಿಂದೆ, ಮಳೆಗಾಲ ಮುಗಿದ ಹೊಸದರಲ್ಲಿ, ನಮ್ಮೂರ ಹಿಂದಿನ ಗುಡ್ಡದ ಬಂಡಿ ಜಾಡಿನಲ್ಲಿ ಹೋಗುತ್ತಿದ್ದೆ. ಒಂದು ಜಾಲಿ ಕಡ್ಡಿ ಎದ್ದು ಹಿಂದಿನ ಚಕ್ರಕ್ಕೆ ಸಿಕ್ಕಿಹಾಕಿಕೊಂಡಿತು. ಗೇರಿನ ಸೈಕಲ್ಲಿಗೆ ಹಿಂದೆ ಡಿರೇಲರ್ ಎಂದು ಒಂದು ತೂಗಾಡುವ ಭಾಗ ಇರುತ್ತದೆ. ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ದಾಟಿಸುವುದು ಅದೇ. ಕಡ್ಡಿ ಅದನ್ನು ಎಳೆದುಕೊಂಡು ಸುತ್ತಿತು, 'ಟಕ್' ಎಂದಿತು, ಡಿರೇಲರು ಕಿತ್ತು ಚೈನಿಗೆ ನೇತಾಡತೊಡಗಿತು. 27 ಗೇರೂ ಒಂದು ಕಡ್ಡಿಗೆ ಮುಗಿದವು. ಮೂರು ಕಿಲೋಮೀಟರ್ ತಳ್ಳಿಕೊಂಡು ರಸ್ತೆಗೆ ಬಂದೆ. ಅಲ್ಲೊಂದು ಪಂಕ್ಚರ್ ಅಂಗಡಿ. ಅಂಗಡಿಯವರು ನಮ್ಮ ಶಾಲೆಯಲ್ಲೇ ಓದಿದವರು. ಹೆಸರು ಹೇಳಬಾರದು ಎಂದು ಷರತ್ತು ಹಾಕಿದ್ದಾರೆ, ಹಿಂದಿನ ಸಾಲಿನಲ್ಲಿ ಕುಳಿತು ನಗುತ್ತಿದ್ದಾರೆ.

ಅವರು ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿ ನೋಡಿದರು. 'ಈ ಸಾಮಾನು ಗೌರಿಬಿದನೂರಲ್ಲೂ ಸಿಗಲ್ಲಣ್ಣ. ಗೇರು ಬಿಟ್ಟಾಕಿ, ಸಾದಾ ಸೈಕಲ್ ಮಾಡಿಕೊಡ್ತೀನಿ' ಎಂದರು. ಮೊಳೆ ಇಟ್ಟು ಸುತ್ತಿಗೆಯಲ್ಲಿ ಹೊಡೆದು ಚೈನಿನ ಪಿನ್ನು ಬಿಚ್ಚಿದರು, ಚೈನು ಗಿಡ್ಡ ಮಾಡಿದರು, ಮುಂದಿನ ನಡುಚಕ್ರಕ್ಕೂ ಹಿಂದಿನ ಒಂದು ಚಕ್ರಕ್ಕೂ ಬಿಗಿಯಾಗಿ ಕೂರುವ ಹಾಗೆ ಜೋಡಿಸಿದರು. ಹದಿನೈದು ನಿಮಿಷದ ಕೆಲಸ. ದುಡ್ಡು ಎಷ್ಟು ಎಂದರೆ ಟೀ ಕುಡಿಸಿ ಎಂದರು.

ಅವತ್ತು ಊರಿಗೆ ಹೋಗುವಷ್ಟರಲ್ಲಿ ಎರಡು ಸಲ ಚೈನು ತಾನಾಗಿ ಪಕ್ಕದ ದೊಡ್ಡ ಚಕ್ರಕ್ಕೆ ಹತ್ತಿ ಬಿಗಿದುಕೊಂಡಿತು. ಗೇರಿನ ಚಕ್ರಗಳ ಹಲ್ಲುಗಳನ್ನು ಚೈನು ಸುಲಭವಾಗಿ ಹತ್ತಲೆಂದೇ ಕೊರೆದಿರುತ್ತಾರೆ, ಅದು ಅವುಗಳ ಗುಣ. ಆದರೂ ಒಂದು ಸಂಗತಿ ನನ್ನ ಗಮನಕ್ಕೆ ಬಂತು. ಆರು ವರ್ಷ ಓಡಾಡಿದ ಆ ಜಾಡನ್ನು ನಾನು ಅವತ್ತೇ ಮೊದಲು ನೋಡಿದ ಹಾಗಿತ್ತು.

ಯಾಕೆ ಅಂತ ಹೇಳುತ್ತೇನೆ. ಗೇರು ಇದ್ದಾಗ ಏರು ಬಂದ ಮೇಲೆ ಯೋಚನೆ ಮಾಡಿದರೆ ಸಾಕು. ಒಂದೇ ಗೇರಾದರೆ ಏರು ಬರುವ ಮುಂಚೆಯೇ ಯೋಚನೆ ಮಾಡಬೇಕು. ಇಲ್ಲಿ ಎತ್ತಿನ ಗಾಡಿ ಹೊಡೆದ ಹಿರಿಯರಿದ್ದೀರಿ. ಹಳ್ಳದಿಂದ ದಡ ಹತ್ತುವ ಮುಂಚೆ ಎತ್ತುಗಳಿಗೆ ಒಂದು ಮಾತು ಹೇಳಿ ಓಟ ಕೊಡಿಸುತ್ತಿದ್ದಿರಿ ಅಲ್ಲವೇ? ಆ ಓಟ ಇಲ್ಲದೆ ದಡದ ಮಧ್ಯೆ ಗಾಡಿ ನಿಂತರೆ ಇಡೀ ಊರು ಬಂದು ನೂಕಬೇಕು. ಒಂದೇ ಗೇರಿನ ಸೈಕಲ್ಲೂ ಹಾಗೇ. ಇಳಿಜಾರಿನಲ್ಲಿ ಬ್ರೇಕು ಹಿಡಿದರೆ ಮುಂದಿನ ಏರಿನಲ್ಲಿ ಅದರ ಸಾಲ ತೀರಿಸಬೇಕು. ಎಲ್ಲಿ ಕಲ್ಲು ಸಡಿಲ, ಎಲ್ಲಿ ಬಂಡೆ ಗಟ್ಟಿ, ಎಲ್ಲಿ ಮರಳು ಚಕ್ರ ಹಿಡಿಯುತ್ತದೆ, ಇಪ್ಪತ್ತು ಮಾರು ಮುಂದಕ್ಕೆ ನೋಡುತ್ತಲೇ ಇರಬೇಕು.

ಬೆಂಗಳೂರಿಗೆ ವಾಪಸು ಹೋದ ಮೇಲೆ ಹೊಸ ಡಿರೇಲರ್ ಕೊಳ್ಳಲಿಲ್ಲ. ಸರಿಯಾಗಿಯೇ ಒಂದೇ ಗೇರು ಮಾಡಿ ನೋಡೋಣ ಎಂದು ಹೊರಟೆ. ಹಿಂದಿನ ಒಂಬತ್ತು ಚಕ್ರ ತೆಗೆದು ಒಂದೇ ಚಕ್ರ ಹಾಕಿದೆ. ಅದು ಅತ್ತಿತ್ತ ಜರುಗದ ಹಾಗೆ ಎರಡೂ ಕಡೆ ನೀರಿನ ಪಿವಿಸಿ ಪೈಪನ್ನು ಬಳೆಯ ಹಾಗೆ ಕತ್ತರಿಸಿ ತುಂಬಿದೆ. ಇನ್ನೊಂದು ತೊಡಕಿತ್ತು. ಅಪ್ಪನ ಸೈಕಲ್ಲಿನಲ್ಲಿ ಹಿಂದಿನ ನಟ್ಟು ಸಡಿಲಿಸಿ ಚಕ್ರವನ್ನು ಹಿಂದಕ್ಕೆ ಎಳೆದರೆ ಚೈನು ಬಿಗಿಯಾಗುತ್ತದೆ. ನನ್ನ ಸೈಕಲ್ಲಿನಲ್ಲಿ ಅಚ್ಚು ಕೂರುವ ಕಚ್ಚು ನೆಟ್ಟಗೆ ಕೆಳಮುಖವಾಗಿದೆ, ಚಕ್ರ ಜರುಗುವುದಿಲ್ಲ. ಅದಕ್ಕೆ ಚೈನನ್ನು ಒತ್ತಿ ಹಿಡಿಯುವ ಸಣ್ಣ ಗಾಲಿಯೊಂದನ್ನು ಕೂರಿಸಿದೆ. ಹೊರಗೆ ಹೋದಾಗ ನೋಡಿ, ಚೈನಿನ ಕೆಳಗೆ ಕಾಣುತ್ತದೆ.

ಮೊದಲ ತಿಂಗಳು ನರಕ. ಸಾಮಾನ್ಯವಾಗಿ ಎಲ್ಲರೂ ಹೇಳುವ ಲೆಕ್ಕ ಒಂದಕ್ಕೆ ಎರಡು. ಮುಂದೆ 32 ಹಲ್ಲು, ಹಿಂದೆ 16. ಪೆಡಲು ಒಂದು ಸುತ್ತಾದರೆ ಚಕ್ರ ಎರಡು ಸುತ್ತು. ನಮ್ಮ ಗುಡ್ಡದ ಜಾಡಿನಲ್ಲಿ ಅದು ನನ್ನ ವಯಸ್ಸಿಗೆ ಒಗ್ಗಲಿಲ್ಲ. ಬಲಮಂಡಿ ಊದಿಕೊಂಡಿತು. ಹಟಕ್ಕೆ ಬಿದ್ದು ಇನ್ನೂ ಎರಡು ವಾರ ತುಳಿದೆ, ಅದು ದಡ್ಡತನ. ಕೊನೆಗೆ ಹಿಂದೆ 18 ಹಲ್ಲಿನ ಚಕ್ರ ಹಾಕಿದೆ, ಸೀಟು ಎರಡು ಬೆರಳು ಎತ್ತರಿಸಿದೆ, ಏರಿನಲ್ಲಿ ಕುಳಿತು ತುಳಿಯುವುದನ್ನು ಬಿಟ್ಟು ಎದ್ದು ನಿಂತು ಮೈಭಾರವನ್ನೇ ಪೆಡಲಿಗೆ ಬಿಡುವುದನ್ನು ಕಲಿತೆ. ಮಂಡಿ ಸುಮ್ಮನಾಯಿತು. ಎರಡೇ ಎರಡು ಹಲ್ಲಿನ ವ್ಯತ್ಯಾಸ!

ಸಮತಟ್ಟು ರಸ್ತೆಯಲ್ಲಿ ಈ ಸೈಕಲ್ಲಿಗೆ ಮರ್ಯಾದೆ ಇಲ್ಲ. ಗಂಟೆಗೆ 20 ಕಿಲೋಮೀಟರ್ ದಾಟಿದರೆ ಕಾಲು ಗಿರಗಿಟ್ಟಲೆಯ ಹಾಗೆ ಸುಮ್ಮನೆ ತಿರುಗುತ್ತದೆ, ಹೆಚ್ಚು ವೇಗ ಬರುವುದಿಲ್ಲ. ಹೆದ್ದಾರಿಯಲ್ಲಿ ಹಾಲಿನ ಕ್ಯಾನು ಕಟ್ಟಿದ ಹಿರಿಯರೊಬ್ಬರು ನನ್ನನ್ನು ಹಿಂದೆ ಹಾಕಿ, ತಿರುಗಿ ನೋಡಿ, ಪಾಪ ಎನ್ನುವ ಹಾಗೆ ತಲೆ ಆಡಿಸಿ ಹೋದರು. ನಂದಿಬೆಟ್ಟಕ್ಕೂ ಇದರಲ್ಲಿ ಹೋದೆ. 1478 ಮೀಟರ್ ಎತ್ತರದ ಬೆಟ್ಟ, ಸುತ್ತಿ ಸುತ್ತಿ ಹತ್ತುವ ರಸ್ತೆ. ಜೊತೆಯವರು ಗೇರು ಬದಲಿಸಿಕೊಂಡು ಮುಂದೆ ಹೋದರು. ಮೇಲಿನ ಮೂರು ತಿರುವುಗಳಲ್ಲಿ ನಾನು ಇಳಿದು ನಡೆದೆ. ಮೊದಲಾಗಿದ್ದರೆ ನಾಚಿಕೆಯಾಗುತ್ತಿತ್ತು. ನಮ್ಮ ತಾಲ್ಲೂಕಿನವರೇ ಆದ ಎಚ್. ನರಸಿಂಹಯ್ಯನವರು ಓದಬೇಕೆಂಬ ಹಂಬಲಕ್ಕೆ 1935ರಲ್ಲಿ ಹೊಸೂರಿನಿಂದ ಬೆಂಗಳೂರಿಗೆ ನಡೆದೇ ಹೋದವರು. ಮೂರು ತಿರುವು ನಡೆದದ್ದಕ್ಕೆ ನಾನು ಮುಖ ಮುಚ್ಚಿಕೊಳ್ಳುವುದೇ?

ಇದು ನನ್ನೊಬ್ಬನ ಹುಚ್ಚು ಅಂದುಕೊಳ್ಳಬೇಡಿ. ಗುಡ್ಡದಲ್ಲಿ ಸೈಕಲ್ ಹೊಡೆಯುವ ಆಟ ಶುರುವಾದದ್ದೇ ಒಂದು ಗೇರಿನಿಂದ. 1976ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಎಂಬ ಸೀಮೆಯಲ್ಲಿ ಕೆಲವು ಹುಡುಗರು ಗುಜರಿಗೆ ಹೋಗಬೇಕಾಗಿದ್ದ ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಗುಡ್ಡದ ಮೇಲೆ ಒಯ್ದು ಮಣ್ಣಿನ ದಾರಿಯಲ್ಲಿ ಕೆಳಕ್ಕೆ ಪಂದ್ಯ ಕಟ್ಟಿ ಬಿಡುತ್ತಿದ್ದರು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು. ಅದು ಎಷ್ಟು ಕಾಯುತ್ತಿತ್ತೆಂದರೆ ಒಂದು ಸಲ ಇಳಿಯುವಷ್ಟರಲ್ಲಿ ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು, ಮತ್ತೆ ಬಿಚ್ಚಿ ಗ್ರೀಸು ತುಂಬಬೇಕಿತ್ತು. 'ಮತ್ತೆ ತುಂಬುವುದು' ಎಂಬ ಅರ್ಥದಲ್ಲಿ ಆ ಇಳಿಜಾರಿಗೆ ರೀಪ್ಯಾಕ್ ಎಂದೇ ಹೆಸರಾಯಿತು. ಇಳಿದ ಮೇಲೆ ಹತ್ತಬೇಕಲ್ಲ! ತಳ್ಳಿ ತಳ್ಳಿ ಸಾಕಾಗಿ ಅವರಲ್ಲಿ ಗ್ಯಾರಿ ಫಿಷರ್ ಎಂಬವನಂಥವರು ಹಳೆಯ ಸೈಕಲ್ಲಿಗೆ ಗೇರು ಕೂರಿಸಿದರು. ಅಲ್ಲಿಂದ ಇವತ್ತಿನ ಮೌಂಟನ್ ಬೈಕು ಬೆಳೆಯಿತು. ಇಪ್ಪತ್ತು ವರ್ಷ ಗೇರು ಏರಿಸುತ್ತಾ ಹೋದ ಮೇಲೆ ಅವರಲ್ಲೇ ಕೆಲವರಿಗೆ ಹಳೆಯ ರುಚಿ ನೆನಪಾಗಿ ಮತ್ತೆ ಬಿಚ್ಚಿದರು. ಈಗ ಒಂದೇ ಗೇರಿನವರದೇ ಒಂದು ವಿಶ್ವ ಚಾಂಪಿಯನ್‌ಷಿಪ್ ನಡೆಯುತ್ತದೆ. ಗೆದ್ದವರು ಹಚ್ಚೆ ಹಾಕಿಸಿಕೊಳ್ಳಬೇಕು ಎನ್ನುವುದು ಅದರ ನಿಯಮ. ನಮ್ಮ ಅಜ್ಜಿಯರು ಏನೂ ಗೆಲ್ಲದೆಯೇ ಮೈತುಂಬ ಹಾಕಿಸಿಕೊಂಡಿದ್ದರು.

ಫ್ರಾನ್ಸ್ ದೇಶದ ಪ್ರಸಿದ್ಧ ಟೂರ್ ಡಿ ಫ್ರಾನ್ಸ್ ಪಂದ್ಯ ಶುರುವಾದದ್ದು 1903ರಲ್ಲಿ. ಡಿರೇಲರಿಗೆ ಅಲ್ಲಿ ಅನುಮತಿ ಸಿಕ್ಕಿದ್ದು 1937ರಲ್ಲಿ. ಅಷ್ಟು ವರ್ಷ ಆ ಜನ ದೊಡ್ಡ ದೊಡ್ಡ ಪರ್ವತಗಳನ್ನು ಹೇಗೆ ಹತ್ತಿದರು? ಹಿಂದಿನ ಚಕ್ರದ ಎರಡೂ ಬದಿಗೆ ಬೇರೆ ಬೇರೆ ಹಲ್ಲಿನ ಚಕ್ರ ಇಟ್ಟುಕೊಂಡಿರುತ್ತಿದ್ದರು. ಬೆಟ್ಟದ ಬುಡದಲ್ಲಿ ಇಳಿದು, ಚಕ್ರ ಬಿಚ್ಚಿ, ತಿರುಗಿಸಿ ಹಾಕಿ ಹತ್ತುತ್ತಿದ್ದರು. ಇದನ್ನು ಓದಿದಾಗ ನನಗೆ ತಲೆಯಲ್ಲಿ ಏನೋ ಹೊಳೆಯಿತು. ಒಂದೇ ಗೇರು ಅಂದರೆ ಯಾವುದೋ ಒಂದು ಗೇರು ಅಂತಲ್ಲ. ಬೆಟ್ಟಕ್ಕೆ ಬೇರೆ, ಬಯಲಿಗೆ ಬೇರೆ. ಹಾಗಾದರೆ ನಮ್ಮಪ್ಪನ ಸೈಕಲ್ಲಿಗೆ ಇದ್ದ ಆ ಒಂದು ಗೇರು ಯಾವುದಕ್ಕೆ ಮಾಡಿದ್ದು?

ಊರಿಗೆ ಬಂದಾಗ ಅಟ್ಟದ ಕೆಳಗೆ ಬಿದ್ದಿದ್ದ ಆ ಅಟ್ಲಾಸನ್ನು ಈಚೆಗೆ ತೆಗೆದು ಹಲ್ಲು ಎಣಿಸಿದೆ. ಮಕ್ಕಳೇ, ಈಗ ಸ್ವಲ್ಪ ಲೆಕ್ಕ ಬರುತ್ತದೆ, ನಿದ್ದೆ ಮಾಡಬೇಡಿ. ಮುಂದೆ 44 ಹಲ್ಲು, ಹಿಂದೆ 18. 44ನ್ನು 18ರಿಂದ ಭಾಗಿಸಿದರೆ ಸುಮಾರು 2.44. ಅಂದರೆ ಪೆಡಲು ಒಂದು ಸುತ್ತು ಬಂದರೆ ಚಕ್ರ ಎರಡೂವರೆಗೆ ಹತ್ತಿರ ಸುತ್ತುತ್ತದೆ. ಚಕ್ರದ ವ್ಯಾಸ 28 ಅಂಗುಲ, ಅಂದರೆ 71 ಸೆಂಟಿಮೀಟರ್. ಪರಿಧಿ ಕಂಡುಹಿಡಿಯುವುದನ್ನು ಇದೇ ಕೊಠಡಿಯಲ್ಲಿ ನಮ್ಮ ಗಣಿತದ ಮೇಷ್ಟ್ರು ಕಿವಿ ಹಿಂಡಿ ಕಲಿಸಿದ್ದಾರೆ: ವ್ಯಾಸವನ್ನು 22 ರಿಂದ ಗುಣಿಸಿ 7 ರಿಂದ ಭಾಗಿಸುವುದು. ಸುಮಾರು 2.23 ಮೀಟರ್ ಬರುತ್ತದೆ. ಅದನ್ನು 2.44 ರಿಂದ ಗುಣಿಸಿದರೆ 5.4 ಮೀಟರ್. ಒಂದು ತುಳಿತಕ್ಕೆ ಐದೂವರೆ ಮೀಟರಿನಷ್ಟು ಮುಂದೆ!

ನನ್ನ ಗೇರಿನ ಸೈಕಲ್ಲಿನ ಅತಿ ಹಗುರ ಗೇರಿನಲ್ಲಿ ಒಂದು ಸುತ್ತಿಗೆ ಒಂದೂಕಾಲು ಮೀಟರಿಗಿಂತ ಸ್ವಲ್ಪ ಹೆಚ್ಚು ಅಷ್ಟೆ. ಈಗಿನ ಒಂದೇ ಗೇರಿನಲ್ಲಿ 3.7 ಮೀಟರ್. ಅಪ್ಪನದು ಐದೂವರೆ. ಅದು ಸಮತಟ್ಟಾದ ರಸ್ತೆಗೆ ಹೊಂದುವ ಲೆಕ್ಕ. ಅದಕ್ಕೆ ಇಪ್ಪತ್ತು ಕಿಲೋ ಆಸುಪಾಸಿನ ಕಬ್ಬಿಣದ ಭಾರ ಸೇರಿಸಿ, ನಮ್ಮ ದಿಣ್ಣೆಯಲ್ಲಿ ಇಟ್ಟು, ಹದಿಮೂರು ವರ್ಷದ ಮಗುವಿಗೆ ತುಳಿ ಎಂದರೆ ಯಾರ ಕೈಲಾಗುತ್ತದೆ? ನನ್ನ ಕೈಲೂ ಆಗಲಿಲ್ಲ. ನಾನು ಮೂರು ವರ್ಷ ತಳ್ಳಿದೆ. ಅಕ್ಕನ ಕೈಲಿ ಆಗಲ್ಲ ಎಂದದ್ದು ನಿಜ, ಆದರೆ ಅದು ಹುಡುಗಿಯ ಶಕ್ತಿಯ ಮಾತಾಗಿರಲಿಲ್ಲ. ಹಿಂದಿನ ಚಕ್ರದ ಹಲ್ಲಿನ ಮಾತಾಗಿತ್ತು. ಹಲ್ಲು ಎಣಿಸಿದವರು ಯಾರೂ ಇರಲಿಲ್ಲ.

ಹಿಂದೆ ಇರುವ ಆ ಸಣ್ಣ ಚಕ್ರಕ್ಕೆ ಅಂಗಡಿಯಲ್ಲಿ ಫ್ರೀವೀಲು ಎನ್ನುತ್ತಾರೆ. 18 ಹಲ್ಲಿನದೇ ಹೆಚ್ಚು ಓಡುವುದರಿಂದ ಕೇಳಿದರೆ ಅದನ್ನೇ ಕೊಡುತ್ತಾರೆ. ಆದರೆ 20, 22 ಹಲ್ಲಿನವೂ ಇವೆ. ನಾನು ಬೆಂಗಳೂರಿನಲ್ಲಿ 22ರದ್ದು ಒಂದು ತಂದೆ. ಇನ್ನೂರು ರೂಪಾಯಿಯೊಳಗೆ ಸಿಕ್ಕಿತು.

ಅಕ್ಕನ ಮೊಮ್ಮಗಳು ಈಗ ಈ ಶಾಲೆಯಲ್ಲಿ ಓದುತ್ತಿದ್ದಾಳೆ. 2006-07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡಲು ಶುರುಮಾಡಿತಲ್ಲ, ಹಾಗೆ ಅವಳ ಅತ್ತೆಗೆ ಬಂದಿದ್ದ ಸೈಕಲ್ಲನ್ನೇ ಇವಳು ಓಡಿಸುತ್ತಾಳೆ. ಆ ಯೋಜನೆ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಏನು ಮಾಡಿದೆ ಎಂದು ನೋಡಬೇಕಾದರೆ ಬೆಳಿಗ್ಗೆ ಒಂಬತ್ತು ಗಂಟೆಗೆ ಕೆರೆ ಏರಿಯ ಮೇಲೆ ನಿಂತರೆ ಸಾಕು. ಆದರೆ ದಿಣ್ಣೆಯ ಬುಡದಲ್ಲಿ ನಿಂತರೆ ಇನ್ನೊಂದೂ ಕಾಣುತ್ತದೆ. ಎಲ್ಲರೂ ಇಳಿದು ತಳ್ಳುತ್ತಾರೆ, ನಾವು ತಳ್ಳಿದ ಹಾಗೇ. ಆ ಹುಡುಗಿಯ ಸೈಕಲ್ಲಿನ ಹಲ್ಲೂ ಎಣಿಸಿದೆ. ಮುಂದೆ 44, ಹಿಂದೆ 18. ಚಕ್ರ 26 ಅಂಗುಲ. ಒಂದು ಸುತ್ತಿಗೆ 5 ಮೀಟರ್.

ಪಂಕ್ಚರ್ ಅಂಗಡಿಯ ಅಣ್ಣನ ಹತ್ತಿರ ಒಯ್ದೆವು. ಫ್ರೀವೀಲು ಬಿಚ್ಚುವುದು ಸುಲಭವಲ್ಲ. ಅದು ಮರೆಯ ಮೇಲೆ ತಿರುಗಿಸಿ ಕೂರಿಸಿದ್ದು, ಪೆಡಲು ತುಳಿದಷ್ಟೂ ಇನ್ನಷ್ಟು ಬಿಗಿಯುತ್ತಾ ಹೋಗುತ್ತದೆ. ಹದಿನೈದು ವರ್ಷ ಬಿಗಿದದ್ದು! ಸೀಮೆಎಣ್ಣೆ ಬಿಟ್ಟು ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಬಿಚ್ಚುವ ಸಾಧನವನ್ನು ವೈಸಿಗೆ ಕಚ್ಚಿಸಿ, ಅದರ ಮೇಲೆ ಚಕ್ರವನ್ನೇ ಹಿಡಿದು ಇಬ್ಬರು ಎಡಕ್ಕೆ ತಿರುಗಿಸಿದೆವು. ಕೊನೆಗೂ ಬಂತು. 22ರದ್ದು ಕೂರಿಸಿ, ಚೈನಿಗೆ ಒಂದು ಜೊತೆ ಕೊಂಡಿ ಸೇರಿಸಿ ಕೊಟ್ಟರು. ಈಗ ಒಂದು ಸುತ್ತಿಗೆ 4.1 ಮೀಟರ್. ಪೆಡಲಿನ ಮೇಲೆ ಹಾಕಬೇಕಾದ ಬಲ ನೂರಕ್ಕೆ ಹದಿನೆಂಟರಷ್ಟು ಕಡಿಮೆ. ಗಮನಿಸಿದಿರಾ, 44ಕ್ಕೆ 22, ಅದೇ ಒಂದಕ್ಕೆ ಎರಡು. ನನ್ನ ಮಂಡಿ ಊದಿಸಿದ ಲೆಕ್ಕ ಬಂಡಿ ಜಾಡಿಗೆ ಭಾರವಾಗಿತ್ತು, ಡಾಂಬರಿನ ದಿಣ್ಣೆಗೂ ಎಳೆ ಕಾಲಿಗೂ ಅದು ಸರಿಹೋಯಿತು.

ಭಾನುವಾರ ಸಂಜೆ ದಿಣ್ಣೆಯ ಹತ್ತಿರ ಹೋದೆವು. ಅಕ್ಕನೂ ನಡೆದುಕೊಂಡು ಬಂದಳು. ಹುಡುಗಿಗೆ ನಾನು ಕಲಿತದ್ದನ್ನೆಲ್ಲ ಹೇಳಿಕೊಟ್ಟೆ. ಬುಡದಲ್ಲಿ ಬ್ರೇಕು ಹಿಡಿಯಬೇಡ, ಓಟ ಇಟ್ಟುಕೊಂಡೇ ಬಾ, ಭಾರವಾದರೆ ಎದ್ದು ನಿಲ್ಲು. ಮೊದಲ ಸಲ ಮುಕ್ಕಾಲು ದಿಣ್ಣೆಯಲ್ಲಿ ನಿಂತಳು. ಎರಡನೆಯ ಸಲ ಚೈನು ಕಳಚಿತು, ನಟ್ಟು ಬಿಗಿ ಮಾಡಿರಲಿಲ್ಲ, ತಪ್ಪು ನನ್ನದೇ. ಮೂರನೆಯ ಸಲ ಬಂಡೆ ದಾಟಿ ಮೇಲೆ ಹೋಗಿ ಗಂಟೆ ಹೊಡೆದಳು. 'ತಾತ, ಇಷ್ಟೇನಾ?' ಎಂದು ಮೇಲಿನಿಂದ ಕೂಗಿದಳು.

ಅಕ್ಕ ನನ್ನ ಕೈಯಲ್ಲಿದ್ದ ಹಳೆಯ 18ರ ಫ್ರೀವೀಲನ್ನು ತೆಗೆದುಕೊಂಡು ತಿರುಗಿಸಿ ನೋಡಿದಳು. 'ಆ ಕಾಲದಲ್ಲೂ ಈ ದೊಡ್ಡದು ಸಿಗ್ತಿತ್ತೇನೋ?' ಎಂದು ಕೇಳಿದಳು. 'ಹುಡುಕಿದ್ದರೆ ಸಿಗ್ತಿತ್ತು ಅನ್ಸುತ್ತೆ ಅಕ್ಕ' ಎಂದೆ. 'ಅಪ್ಪಂಗೆ ಹೇಳೋರು ಇರಲಿಲ್ಲ ಬಿಡು' ಎಂದಳು. ಅವಳು ಹೇಳಿದ್ದು ಸೈಕಲ್ಲಿನ ವಿಷಯವೋ ಶಾಲೆಯ ವಿಷಯವೋ ನನಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

22 ಹಲ್ಲು ಹಾಕಿದರೆ ಸಮತಟ್ಟಿನಲ್ಲಿ ನಿಧಾನವಾಗುತ್ತದೆ. ಪೆಡಲನ್ನು ನಿಮಿಷಕ್ಕೆ 60 ಸುತ್ತು ತುಳಿದರೆ ಮೊದಲು ಗಂಟೆಗೆ 18 ಕಿಲೋಮೀಟರ್ ಹೋಗುತ್ತಿದ್ದದ್ದು ಈಗ 15. ನಮ್ಮ ಹಳ್ಳಿಯಿಂದ ಶಾಲೆಗೆ ಮೂರೂವರೆ ನಿಮಿಷ ಹೆಚ್ಚು. ಆದರೆ ದಿಣ್ಣೆ ತಳ್ಳುವ ಸಮಯ ಉಳಿಯುತ್ತದೆ. ದಾರಿಯಲ್ಲಿ ಏರೇ ಇಲ್ಲದ ಹಳ್ಳಿಯ ಮಕ್ಕಳಿಗೆ ಇದು ಬೇಡ, ಅವರು 18ರಲ್ಲೇ ಇರಲಿ. ಸ್ವಲ್ಪ ಏರು ಇರುವವರಿಗೆ 20 ಸಾಕು. ಯಾರಿಗೆ ಯಾವುದು ಎಂದು ಅವರವರ ದಾರಿ ನೋಡಿ ತೀರ್ಮಾನಿಸಬೇಕು. ಎಲ್ಲರಿಗೂ 22 ಹಾಕಿಸಿಬಿಟ್ಟರೆ ಎಲ್ಲರಿಗೂ 18 ಕೊಟ್ಟ ತಪ್ಪನ್ನೇ ನಾವೂ ಮಾಡಿದ ಹಾಗೆ.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಮಹೋತ್ಸವದ ನಿಧಿಯಲ್ಲಿ ಕಮಾನು, ಧ್ವಜಕಟ್ಟೆ, ನೀರಿನ ಘಟಕ ಎಂದೆಲ್ಲ ಪಟ್ಟಿಯಾಗಿದೆ, ಆಗಲಿ. ಅದರ ಜೊತೆಗೆ ಸೈಕಲ್ ಷೆಡ್ಡಿನ ಮೂಲೆಯಲ್ಲಿ ಒಂದು ಮೇಜು, ಒಂದು ವೈಸು, ಫ್ರೀವೀಲು ಬಿಚ್ಚುವ ಸಾಧನ, ಪಾನಾಗಳು, ಗಾಳಿ ಪಂಪು, ಪಂಕ್ಚರ್ ಸಾಮಾನು, ಇಷ್ಟು ಇಡೋಣ. ಷೆಡ್ಡಿನ ಹಿಂದೆ ಗಾಳಿ ಇಲ್ಲದೆ, ಚೈನು ತುಕ್ಕು ಹಿಡಿದು ಒರಗಿರುವ ಸೈಕಲ್ಲುಗಳನ್ನು ಬೆಳಿಗ್ಗೆ ಎಣಿಸಿದೆ, ಹನ್ನೊಂದು ಇವೆ. ಅವುಗಳಲ್ಲಿ ಎಂಟಕ್ಕೆ ಬೇಕಾಗಿರುವುದು ಟ್ಯೂಬು ಮತ್ತು ಎಣ್ಣೆ ಅಷ್ಟೆ. ತಿಂಗಳಿಗೆ ಒಂದು ಶನಿವಾರ ನಾನು ಬರುತ್ತೇನೆ. ಹಿಂದಿನ ಸಾಲಿನಲ್ಲಿ ಕುಳಿತಿರುವ ಅಣ್ಣ ವಾರಕ್ಕೊಂದು ದಿನ ಒಂದು ಗಂಟೆ ಬರಲು ಒಪ್ಪಿದ್ದಾರೆ. ಟೀ ಕುಡಿಸಬೇಕು ಎನ್ನುವುದು ಅವರ ಷರತ್ತು. ವಿಜ್ಞಾನದ ಮೇಡಂ ಅವರು ಒಂಬತ್ತನೇ ತರಗತಿಗೆ ಬಲ, ಚಲನೆ ಪಾಠ ಮಾಡುವಾಗ ಮಕ್ಕಳನ್ನು ಷೆಡ್ಡಿಗೇ ಕರೆದುಕೊಂಡು ಬರುತ್ತೇನೆ ಎಂದಿದ್ದಾರೆ.

ನನ್ನ ಚೀಲದಲ್ಲಿ ಈಗ ಹನ್ನೆರಡು ಫ್ರೀವೀಲು ಇವೆ, ಆರು 22ರವು, ಆರು 20ರವು. ಮಧ್ಯಾಹ್ನದ ಊಟ ಆದ ಮೇಲೆ ಹುಣಸೆ ಮರದ ಕೆಳಗೆ ಕುಳಿತಿರುತ್ತೇನೆ. ದಾರಿಯಲ್ಲಿ ದಿಣ್ಣೆ ಇರುವ ಮಕ್ಕಳು ಸೈಕಲ್ಲು ತೆಗೆದುಕೊಂಡು ಬನ್ನಿ. ಬರುವ ಮುಂಚೆ ಹಲ್ಲು ಎಣಿಸಿಕೊಂಡು ಬನ್ನಿ. ಎಣಿಸುವಾಗ ಶುರುಮಾಡಿದ ಹಲ್ಲಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಳ್ಳಿ, ಇಲ್ಲದಿದ್ದರೆ ಎರಡು ಸಲ ಎಣಿಸುತ್ತೀರಿ. ನಾನೂ ಹಾಗೇ ತಪ್ಪಿದ್ದೆ.